ಪೈಥಾನ್ ತೆಗೆದರೆ ಕನ್ನಡ ಟೈಪಿಂಗ್ ಯಾಕೆ ಹೋಯಿತು? ತುಮಕೂರಿನ ಡಿಟಿಪಿ ಅಂಗಡಿಯೊಂದರ ಪ್ರಕರಣ

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆಯೊಂದರಲ್ಲಿ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಇರುವುದು ಒಂದೇ ಕಂಪ್ಯೂಟರ್, ಅದರಲ್ಲಿ ಉಬುಂಟು 22.04 ಎಂಬ ಲಿನಕ್ಸ್ ಓಎಸ್. ತಾಲ್ಲೂಕು ಕಚೇರಿಗೆ ಕೊಡುವ ಮನವಿ, ಸಂಧ್ಯಾ ಸುರಕ್ಷಾ ಅರ್ಜಿಯ ಜೊತೆಗಿಡುವ ಪತ್ರ, ಬಾಡಿಗೆ ಕರಾರು, ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಎಲ್ಲ ಕನ್ನಡ ಕೆಲಸವೂ ಅದರಲ್ಲೇ ಆಗಬೇಕು. ಯಜಮಾನರ ಕೈ ನುಡಿಯ ಕಗಪ ಕೀಲಿಮಣೆಗೆ ಒಗ್ಗಿದ್ದು. ಲಿನಕ್ಸಿನಲ್ಲೂ ಐಬಸ್-ಎಂ17ಎನ್ ಎಂಬ ಟೈಪಿಂಗ್ ಸಾಫ್ಟ್‌ವೇರ್ ಮೂಲಕ ಅದೇ ವಿನ್ಯಾಸ ಸಿಕ್ಕಿದ್ದರಿಂದ, ವಿಂಡೋಸ್ ಬಿಟ್ಟದ್ದು ಅವರಿಗೆ ಯಾವತ್ತೂ ತೊಂದರೆ ಅನಿಸಿರಲಿಲ್ಲ.

ಮದುವೆ ಹಂಗಾಮಿನ ನಡುವೆ ಒಂದು ಸಂಜೆ ಆ ಕಂಪ್ಯೂಟರ್ ರೀಸ್ಟಾರ್ಟ್ ಆದಮೇಲೆ ಡೆಸ್ಕ್‌ಟಾಪ್ ಬರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರದಲ್ಲಿ ಲಾಗಿನ್ ಎಂಬ ಒಂದು ಸಾಲು, ಮಿನುಗುವ ಕರ್ಸರ್, ಅಷ್ಟೇ. ಇಂಟರ್ನೆಟ್ಟೂ ಇಲ್ಲ. ಅಚ್ಚಿಗೆ ಹೋಗಬೇಕಿದ್ದ ಲಗ್ನಪತ್ರಿಕೆಗಳು ಒಳಗೇ ಉಳಿದವು. ಪರಿಚಯದ ಹಾರ್ಡ್‌ವೇರ್ ಅಂಗಡಿಯವರು ಬಂದು ನೋಡಿ, ಓಎಸ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು ಎಂದರು. ಆಮೇಲೆ ಅದನ್ನು ನೋಡಲು ನಾನು ಹೋದೆ.

ಆ ಒಂದು ಮಾತಿನಿಂದಾಗಿಯೇ ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ. ನಮ್ಮ ಕಡೆ ಕಂಪ್ಯೂಟರ್ ಕೆಟ್ಟರೆ ಮೊದಲು ಬಾಯಿಗೆ ಬರುವುದೇ ಫಾರ್ಮ್ಯಾಟ್. ಡಿಸ್ಕ್ ಸತ್ತಿದ್ದರೆ ಬೇರೆ ಮಾತು. ಆದರೆ ಪ್ಯಾಕೇಜ್ (ಲಿನಕ್ಸಿನಲ್ಲಿ ಸಾಫ್ಟ್‌ವೇರ್ ಬರುವ ಕಟ್ಟು) ತೆಗೆದು ಆದ ಹಾನಿಗೆ ಅದರ ಅಗತ್ಯವಿಲ್ಲ. ಏನೇನು ಹೋಯಿತು, ಯಾವ ಆಜ್ಞೆಯಿಂದ ಹೋಯಿತು, ಎಷ್ಟು ಗಂಟೆಗೆ ಹೋಯಿತು, ಎಲ್ಲವೂ ಆ ಯಂತ್ರದ ಒಳಗೇ ಹೆಸರು ಸಮೇತ ಬರೆದಿರುತ್ತದೆ. ಅದನ್ನು ಓದಿ, ಹೋದದ್ದನ್ನು ಹೋದ ಹಾಗೇ ವಾಪಸ್ ತರಬಹುದು.

ನಡೆದದ್ದು

ಯಜಮಾನರ ತಂಗಿಯ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಕಾಲೇಜು ಮುಗಿಸಿಕೊಂಡು ಬಂದು ಮಾವನ ಅಂಗಡಿಯಲ್ಲಿ ಕೈಜೋಡಿಸುತ್ತಾನೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಯಂತ್ರದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಾನೆ. ಅವನು ಸೇರಿದ್ದ ಆನ್‌ಲೈನ್ ಕೋರ್ಸಿನ ಪಾಠಗಳಿಗೆ ಪೈಥಾನ್ 3.12 ಬೇಕಿತ್ತು. ಉಬುಂಟು 22.04ರ ಜೊತೆ ಬರುವುದು 3.10. ಹಳೆಯದನ್ನು ತೆಗೆದು ಹೊಸದು ಹಾಕಿಕೊಳ್ಳಿ ಎಂದ ಒಂದು ವಿಡಿಯೋ ನೋಡಿ, ಅಲ್ಲಿ ತೋರಿಸಿದ ಸಾಲನ್ನು ಟರ್ಮಿನಲ್‌ನಲ್ಲಿ ಹಾಗೇ ಹೊಡೆದ:

ಸುಡೋ ಆಪ್ಟ್ ರಿಮೂವ್ -ವೈ ಪೈಥಾನ್3

ಸುಡೋ ಎಂದರೆ ಯಂತ್ರದ ಪೂರ್ತಿ ಅಧಿಕಾರದಲ್ಲಿ ಮಾಡು ಎಂದು, ಆಪ್ಟ್ ಎಂದರೆ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನ. ಪರದೆಯ ಮೇಲೆ ಹೆಸರುಗಳು ಸರಸರನೆ ಓಡಿದವು. ಮುಂದಿನ ಹೆಜ್ಜೆಯಾಗಿ ಹೊಸ ಪೈಥಾನ್ ಸಿಗುವ ರೆಪೊಸಿಟರಿಯನ್ನು (ಆನ್‌ಲೈನ್ ಪ್ಯಾಕೇಜ್ ಭಂಡಾರವನ್ನು) ಸೇರಿಸಲು ಆಡ್-ಆಪ್ಟ್-ರೆಪೊಸಿಟರಿ ಎಂದು ಹೊಡೆದರೆ, ಕಮಾಂಡ್ ನಾಟ್ ಫೌಂಡ್ ಎಂಬ ಉತ್ತರ ಬಂತು. ಪೈಥಾನ್ 3.12 ಇನ್‌ಸ್ಟಾಲ್ ಮಾಡು ಎಂದರೆ ಆ ಹೆಸರಿನ ಪ್ಯಾಕೇಜೇ ಸಿಗಲಿಲ್ಲ. ಪೈಥಾನ್ ಇದೆಯೋ ಹೋಯಿತೋ ನೋಡೋಣವೆಂದು ವರ್ಷನ್ ಕೇಳಿದರೆ, 3.10 ಎಂದು ಮೊದಲಿನಂತೆಯೇ ಹೇಳಿತು! ತೆಗೆದದ್ದು ಹೋಗಿಲ್ಲ, ಹಾಕಬೇಕಾದ್ದು ಬರುತ್ತಿಲ್ಲ. ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸರಿಹೋದೀತು ಅಂದುಕೊಂಡು ಮಾಡಿದ.

"ಹೆಸರುಗಳು ಓಡಿದ್ದು ನೋಡ್ದೆ ಅಣ್ಣ. ಏನಾದ್ರೂ ಇನ್‌ಸ್ಟಾಲ್ ಮಾಡೋವಾಗ್ಲೂ ಹಂಗೇ ಓಡ್ತವಲ್ಲ, ಅದೇ ಇರ್ಬೇಕು ಅನ್ಕೊಂಡೆ" ಎಂದ ಹುಡುಗ. ಮಾವನ ಮುಖ ನೋಡಲು ಹೆದರುತ್ತಿದ್ದ. ನನಗೆ ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಹಾಕುವಾಗ ಬರುವ ಪಟ್ಟಿ, ತೆಗೆಯುವಾಗ ಬರುವ ಪಟ್ಟಿ ಎರಡೂ ನೋಡಲು ಒಂದೇ ಥರ ಇರುತ್ತವೆ. ಮೇಲಿನ ಒಂದು ಸಾಲು ಮಾತ್ರ ಬೇರೆ, ಅದರಲ್ಲಿ ರಿಮೂವ್ಡ್ ಎಂಬ ಪದ ದೊಡ್ಡಕ್ಷರದಲ್ಲಿ ಇರುತ್ತದೆ. ಸಾಮಾನ್ಯವಾಗಿ ಆಪ್ಟ್ ಆ ಪಟ್ಟಿ ತೋರಿಸಿ, ಮುಂದುವರಿಯಲೇ ಎಂದು ಕೇಳಿ ಕಾಯುತ್ತದೆ. ವಿಡಿಯೋದವರು ಸೇರಿಸಿದ್ದ ಆ -ವೈ ಇದೆಯಲ್ಲ, ಅದು ಕೇಳುವ ಮುಂಚೆಯೇ ಹೂಂ ಎಂದುಬಿಡುತ್ತದೆ. ಬೇರೆಯವರಿಗೆ ಹೇಳಿಕೊಡುವ ಸಾಲಿನಲ್ಲಿ, ಅದೂ ತೆಗೆಯುವ ಸಾಲಿನಲ್ಲಿ, -ವೈ ಇಡುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹತ್ತಾರು ಯಂತ್ರಗಳಿಗೆ ಸ್ಕ್ರಿಪ್ಟ್ ಬರೆಯುವವರಿಗೆ ಅದು ಬೇಕು, ಕಲಿಯುತ್ತಿರುವ ಹುಡುಗನಿಗೆ ಬೇಡ.

ಆ ಹೆಸರಿನ ಪ್ಯಾಕೇಜಿನೊಳಗೆ ಇರುವುದೇನು

ಇಡೀ ಪ್ರಕರಣದ ಬೇರು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಪೈಥಾನ್3 ಎಂಬ ಪ್ಯಾಕೇಜಿನಲ್ಲಿ ಪೈಥಾನ್ ಇಲ್ಲ. ಡೆಬಿಯನ್ ಎಂಬ ಲಿನಕ್ಸಿನಿಂದ ಬಂದ ಉಬುಂಟು 22.04ರಲ್ಲಿ, ಪೈಥಾನ್ ಪ್ರೋಗ್ರಾಮುಗಳನ್ನು ಓಡಿಸುವ ನಿಜವಾದ ಇಂಟರ್‌ಪ್ರಿಟರ್ ಇರುವುದು ಪೈಥಾನ್3.10-ಮಿನಿಮಲ್ ಎಂಬ ಪ್ಯಾಕೇಜಿನಲ್ಲಿ. ನಾವು ಪೈಥಾನ್3 ಎಂದು ಹೊಡೆದಾಗ ಅದನ್ನು ಹುಡುಕಿಕೊಡುವ ಕೊಂಡಿ ಇರುವುದು ಪೈಥಾನ್3-ಮಿನಿಮಲ್‌ನಲ್ಲಿ. ಬರೀ ಪೈಥಾನ್3 ಎಂಬ ಹೆಸರಿನದು ತೀರಾ ಚಿಕ್ಕ ಪ್ಯಾಕೇಜ್. ಈ ವ್ಯವಸ್ಥೆಯ ಮೂಲ ಪೈಥಾನ್ ಯಾವ ಆವೃತ್ತಿ ಎಂದು ಹೇಳುವುದೇ ಅದರ ಮುಖ್ಯ ಕೆಲಸ. ಆದರೆ ಪೈಥಾನಿನಲ್ಲಿ ಬರೆದ ಎಲ್ಲ ಸಾಫ್ಟ್‌ವೇರೂ ತನಗೆ ಪೈಥಾನ್3 ಬೇಕು ಎಂದು ಘೋಷಿಸಿಕೊಂಡಿರುವುದು ಈ ಚಿಕ್ಕ ಪ್ಯಾಕೇಜಿನ ಹೆಸರಿನಲ್ಲೇ. ಅದನ್ನು ತೆಗೆದರೆ ಅದನ್ನು ಬೇಡಿದವೆಲ್ಲ ಹೋಗಬೇಕು, ಅವುಗಳನ್ನು ಬೇಡಿದವೂ ಹೋಗಬೇಕು. ಇಂಟರ್‌ಪ್ರಿಟರ್ ಮಾತ್ರ ಈ ಚಿಕ್ಕ ಪ್ಯಾಕೇಜನ್ನು ಬೇಡುತ್ತಿಲ್ಲವಾದ್ದರಿಂದ ಇದ್ದಲ್ಲೇ ಉಳಿಯುತ್ತದೆ. ಹುಡುಗನಿಗೆ 3.10 ಎಂಬ ಉತ್ತರ ಬಂದದ್ದು ಹೀಗೆ.

ಇನ್ನು ಬೇಡಿದವು ಯಾವುವು? ಉಬುಂಟುವಿನ ಗ್ನೋಮ್-ಟರ್ಮಿನಲ್ ಶುರುವಾಗುವುದೇ ಒಂದು ಪೈಥಾನ್ ಸ್ಕ್ರಿಪ್ಟಿನಿಂದ. ಆಡ್-ಆಪ್ಟ್-ರೆಪೊಸಿಟರಿ ಪೈಥಾನ್. ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಪೈಥಾನ್. ತಾನಾಗಿ ಸೆಕ್ಯುರಿಟಿ ಅಪ್‌ಡೇಟ್ ಹಾಕಿಕೊಳ್ಳುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಪೈಥಾನ್. ಎಚ್‌ಪಿ ಪ್ರಿಂಟರುಗಳನ್ನು ನಡೆಸುವ ಎಚ್‌ಪಿಲಿಪ್‌ಗೆ ಪೈಥಾನ್ ಬೇಕು. ನೆಟ್‌ವರ್ಕಿನ ಸೆಟ್ಟಿಂಗ್ ಓದುವ ನೆಟ್‌ಪ್ಲಾನ್‌ಗೆ ಬೇಕು. ಡೆಸ್ಕ್‌ಟಾಪನ್ನೇ ತೋರಿಸುವ ಗ್ನೋಮ್ ಶೆಲ್‌ಗೂ ಬೇಕು, ಅದು ಹೋದರೆ ಲಾಗಿನ್ ಪರದೆ ತೋರಿಸುವ ಜಿಡಿಎಂ3 ಹೋಗುತ್ತದೆ. ಉಬುಂಟು-ಡೆಸ್ಕ್‌ಟಾಪ್ ಎಂಬ ಮೇಲಿನ ಪ್ಯಾಕೇಜ್ ಇವೆಲ್ಲವನ್ನೂ ಹಿಡಿದುಕೊಂಡಿರುವುದರಿಂದ ಅದೂ ಹೋಗುತ್ತದೆ. ಮತ್ತು ಬೇರೆ ಬೇರೆ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್‌ಗೂ ಪೈಥಾನ್ ಬೇಕು. ಐಬಸ್ ಹೋದರೆ ಐಬಸ್-ಎಂ17ಎನ್ ಹೋಯಿತು, ಅದರೊಂದಿಗೆ ಕಗಪ ಕೀಲಿಮಣೆಯೂ ಹೋಯಿತು. ಕನ್ನಡದ ಫಾಂಟುಗಳು ಮಾತ್ರ ಉಳಿದವು. ಫಾಂಟಿಗೆ ಪೈಥಾನ್ ಬೇಡ.

ವಿಂಡೋಸ್‌ನಲ್ಲಿ ಬಹುತೇಕ ಸಾಫ್ಟ್‌ವೇರುಗಳು ತಮಗೆ ಬೇಕಾದ್ದನ್ನು ತಾವೇ ಹೊತ್ತು ತರುತ್ತವೆ, ಅದಕ್ಕೇ ಒಂದನ್ನು ತೆಗೆದರೆ ಇನ್ನೊಂದಕ್ಕೆ ಅಷ್ಟಾಗಿ ಬಿಸಿ ತಟ್ಟುವುದಿಲ್ಲ. ಡೆಬಿಯನ್ ಹುಟ್ಟಿದ್ದು 1993ರಲ್ಲಿ, ಆಪ್ಟ್ ಬಂದದ್ದು 1998ರಲ್ಲಿ. ಅಂದಿನಿಂದಲೂ ಅಲ್ಲಿಯ ಕ್ರಮ ಬೇರೆ: ಒಂದು ವಸ್ತು ಒಂದೇ ಕಡೆ ಇರಬೇಕು, ಬೇಕಾದವರೆಲ್ಲ ಅದನ್ನೇ ಬಳಸಬೇಕು, ಯಾರಿಗೆ ಯಾವುದು ಬೇಕೆಂದು ಬರೆದಿರಬೇಕು. ನನಗೆ ಇದು ಒಳ್ಳೆಯ ಕ್ರಮವಾಗಿಯೇ ಕಾಣುತ್ತದೆ. ಒಂದು ಲೈಬ್ರರಿಯಲ್ಲಿ ಭದ್ರತೆಯ ತೂತು ಕಂಡರೆ ಒಂದೇ ಕಡೆ ಮುಚ್ಚಿದರೆ ಸಾಕು. ತೆಗೆಯುವಾಗ ಮಾತ್ರ, ಯಾರ್ಯಾರು ಅದರ ಮೇಲೆ ನಿಂತಿದ್ದಾರೆಂದು ಕೇಳಿ ತೆಗೆಯಬೇಕು. ಕೇಳುವುದಕ್ಕೆ ದಾರಿಯೂ ಇದೆ: ಆಪ್ಟ್-ಕ್ಯಾಶ್ ಆರ್‌ಡಿಪೆಂಡ್ಸ್ --ಇನ್‌ಸ್ಟಾಲ್ಡ್ ಪೈಥಾನ್3. ಈ ಯಂತ್ರದಲ್ಲಿ ಇರುವವುಗಳ ಪೈಕಿ ಅದನ್ನು ನೇರವಾಗಿ ಬೇಡುವವರ ಪಟ್ಟಿ ಬರುತ್ತದೆ.

ಹಾಗಾದರೆ ಇಷ್ಟು ಅಪಾಯದ್ದನ್ನು ಆಪ್ಟ್ ತಡೆಯುವುದಿಲ್ಲವೇ ಎಂದು ಯಜಮಾನರು ಕೇಳಿದರು, ಸರಿಯಾದ ಪ್ರಶ್ನೆ. ಕೆಲವು ಪ್ಯಾಕೇಜುಗಳಿಗೆ ಎಸೆನ್ಷಿಯಲ್ (ಅತ್ಯಗತ್ಯ) ಎಂಬ ಗುರುತಿದೆ. ಬ್ಯಾಶ್, ಕೋರ್‌ಯುಟಿಲ್ಸ್, ಡಿಪಿಕೆಜಿ, ಪರ್ಲ್-ಬೇಸ್ ಆ ಸಾಲಿಗೆ ಸೇರಿದವು. ಮೊದಲೆಲ್ಲ ಅವನ್ನು ತೆಗೆಯಹೊರಟರೆ ಆಪ್ಟ್ ಒಂದು ಪೂರ್ತಿ ವಾಕ್ಯವನ್ನೇ ಟೈಪ್ ಮಾಡಿಸಿಕೊಳ್ಳುತ್ತಿತ್ತು. 2021ರಲ್ಲಿ, ಪಾಪ್ ಓಎಸ್ ಎಂಬ ಇನ್ನೊಂದು ಲಿನಕ್ಸ್ ಬಳಸಲು ಹೊರಟ ಹೆಸರಾಂತ ಯೂಟ್ಯೂಬರ್ ಒಬ್ಬರು ಸ್ಟೀಮ್ ಎಂಬ ಗೇಮಿಂಗ್ ಸಾಫ್ಟ್‌ವೇರ್ ಹಾಕಲು ಹೋಗಿ ಆ ವಾಕ್ಯವನ್ನೂ ಟೈಪ್ ಮಾಡಿ ಡೆಸ್ಕ್‌ಟಾಪ್ ಕಳೆದುಕೊಂಡರು. ಅದಾದಮೇಲೆ ಆಪ್ಟ್ ಬಿಗಿಯಾಯಿತು, 22.04ರಲ್ಲಿ ಬರುವ ಆಪ್ಟ್ ಅಂಥ ಪ್ಯಾಕೇಜುಗಳನ್ನು ವಿಶೇಷ ಆಯ್ಕೆ ಕೊಡದೆ ತೆಗೆಯುವುದೇ ಇಲ್ಲ. ಆದರೆ ಪೈಥಾನ್3 ಎಸೆನ್ಷಿಯಲ್ ಪಟ್ಟಿಯಲ್ಲಿಲ್ಲ. ಪೈಥಾನ್ ಇಲ್ಲದೆಯೂ ಒಂದು ಪುಟ್ಟ ಡೆಬಿಯನ್ ಸರ್ವರ್ ಸರಿಯಾಗಿ ನಡೆಯುತ್ತದೆ, ಅದಕ್ಕೇ ಇಲ್ಲ. ಆ ತಡೆ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಒಂದು ಸಮಾಧಾನದ ಸಂಗತಿಯೂ ಇಲ್ಲೇ ಇದೆ. ಆಪ್ಟ್ ಬರೆದಿರುವುದು ಸಿ++ನಲ್ಲಿ, ಅದರ ಕೈಕೆಳಗೆ ಪ್ಯಾಕೇಜುಗಳನ್ನು ಬಿಚ್ಚಿ ಹಾಕುವ ಡಿಪಿಕೆಜಿ ಬರೆದಿರುವುದು ಸಿ ಭಾಷೆಯಲ್ಲಿ. ಪೈಥಾನಿನ ಜೊತೆ ಏನೇ ಹೋದರೂ ಇವೆರಡು ಉಳಿಯುತ್ತವೆ. ಇವು ಉಳಿದಿದ್ದರೆ ಮಿಕ್ಕದ್ದನ್ನು ಕಟ್ಟಬಹುದು.

ಮೊದಲು ಕಡತಗಳು

ರಿಪೇರಿಗೆ ಕೈಹಾಕುವ ಮುಂಚೆ ಯಜಮಾನರ ಕೆಲಸವೆಲ್ಲ ಒಂದು ಪೆನ್‌ಡ್ರೈವಿಗೆ ಹೋಗಬೇಕಿತ್ತು. ಕಪ್ಪು ಪರದೆಯಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಟ್ಟಿತು. ಪೆನ್‌ಡ್ರೈವ್ ತಾನಾಗಿ ತೆರೆದುಕೊಳ್ಳುವುದಿಲ್ಲ. ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯಿಂದ ಅದರ ಹೆಸರು ನೋಡಿಕೊಂಡು, ಸುಡೋ ಮೌಂಟ್ ಕೊಟ್ಟು ಎಂಎನ್‌ಟಿ ಫೋಲ್ಡರಿಗೆ ಜೋಡಿಸಬೇಕು.

ಡಾಕ್ಯುಮೆಂಟ್ಸ್ ಫೋಲ್ಡರಿನ ಪಟ್ಟಿ ತೆಗೆದಾಗ ಯಜಮಾನರು ಕುರ್ಚಿಯಿಂದ ಎದ್ದರು. "ಫೈಲೆಲ್ಲಾ ಡಬ್ಬಿ ಡಬ್ಬಿ ಆಗೈತಲ್ಲ ಸಾರ್, ಹೋದ್ವಲ್ವಾ ಎಲ್ಲಾ?" ಇಂಗ್ಲಿಷ್ ಹೆಸರಿನ ಫೈಲುಗಳು ಸರಿಯಾಗಿ ಕಾಣುತ್ತಿದ್ದವು, ಕನ್ನಡ ಹೆಸರಿಟ್ಟ ಲಗ್ನಪತ್ರಿಕೆಗಳೆಲ್ಲ ಸಾಲು ಸಾಲು ಚೌಕ. ಫೈಲುಗಳಿಗೆ ಏನೂ ಆಗಿರಲಿಲ್ಲ. ಲಿನಕ್ಸಿನ ಈ ಪಠ್ಯ ಪರದೆಯ ಫಾಂಟಿನಲ್ಲಿ ಹೆಚ್ಚೆಂದರೆ 512 ಅಕ್ಷರ ರೂಪಗಳಿಗೆ ಜಾಗ, ಒತ್ತಕ್ಷರ ಗುಣಿತ ಜೋಡಿಸುವ ವ್ಯವಸ್ಥೆಯಂತೂ ಇಲ್ಲವೇ ಇಲ್ಲ. ಹೆಸರು ಡಿಸ್ಕಿನಲ್ಲಿ ಯೂನಿಕೋಡಿನಲ್ಲಿ ಸರಿಯಾಗಿಯೇ ಇರುತ್ತದೆ, ತೋರಿಸಲು ಬರುವುದಿಲ್ಲ ಅಷ್ಟೆ. ಹೇಳಿದರೆ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಪೆನ್‌ಡ್ರೈವಿಗೆ ಕಾಪಿ ಮಾಡಿ, ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ, ನಾಡಿದ್ದಿನ ಮದುವೆಯ ಪತ್ರಿಕೆಯೊಂದನ್ನು ತೆರೆದು ತೋರಿಸಿದೆ. ವಧುವಿನ ಹೆಸರು, ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ, ಎಲ್ಲ ಇದ್ದದ್ದು ಇದ್ದ ಹಾಗೇ ಇತ್ತು. ಅವತ್ತು ಅಚ್ಚಿಗೆ ಕೊಡಬೇಕಾದ್ದನ್ನು ಅಲ್ಲಿಂದಲೇ ಪಿಡಿಎಫ್ ಮಾಡಿ ಕಳಿಸಿದ ಮೇಲೆ ಅಂಗಡಿಯಲ್ಲಿ ಮಾತು ಹಗುರವಾಯಿತು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಈ ಚೌಕಗಳ ಸಂಗತಿ ತಿಳಿದಿರಬೇಕು. ಚೌಕ ಕಂಡು ಕೈಬಿಟ್ಟು, ಅಲ್ಲೇ ಫಾರ್ಮ್ಯಾಟಿಗೆ ಒಪ್ಪಿಬಿಡುವ ಅಪಾಯವಿದೆ.

ಕೇಬಲ್ ಇದ್ದೂ ನೆಟ್ ಇಲ್ಲ

ಪ್ಯಾಕೇಜುಗಳನ್ನು ಮತ್ತೆ ತರಲು ಇಂಟರ್ನೆಟ್ ಬೇಕು. ಮುಂಚೆ ಇಳಿಸಿದ ಫೈಲುಗಳು ಯಂತ್ರದಲ್ಲೇ ಇರಬಹುದಲ್ಲ ಎನ್ನಿಸಬಹುದು. ಆಪ್ಟ್ ಎಂಬ ಹೊಸ ಆಜ್ಞೆ ಇನ್‌ಸ್ಟಾಲ್ ಮುಗಿದ ಮೇಲೆ ಇಳಿಸಿಕೊಂಡ ಡೆಬ್ (ಪ್ಯಾಕೇಜಿನ) ಫೈಲುಗಳನ್ನು ಅಳಿಸಿಬಿಡುತ್ತದೆ, ಹಳೆಯ ಆಪ್ಟ್-ಗೆಟ್ ಮಾತ್ರ ಉಳಿಸುತ್ತದೆ. ಇಲ್ಲಿ ಏನೂ ಉಳಿದಿರಲಿಲ್ಲ.

ರೂಟರಿನಿಂದ ಬಂದ ಕೇಬಲ್ ಸರಿಯಾಗಿತ್ತು, ಪೋರ್ಟಿನ ದೀಪ ಮಿನುಗುತ್ತಿತ್ತು. ಎನ್‌ಎಂಸಿಎಲ್‌ಐ ಡಿವೈಸ್ ಎಂದು ಕೇಳಿದರೆ, ನೆಟ್‌ವರ್ಕ್ ಕಾರ್ಡಿನ ಎದುರಿಗೆ ಅನ್‌ಮ್ಯಾನೇಜ್ಡ್ ಎಂದು ಬರೆದಿತ್ತು. ನೆಟ್‌ವರ್ಕ್‌ಮ್ಯಾನೇಜರ್ ಓಡುತ್ತಿದೆ, ಕಾರ್ಡ್ ಕಾಣುತ್ತಿದೆ, ಆದರೂ ಅದು ನನ್ನ ಪಾಲಿನದಲ್ಲ ಎನ್ನುತ್ತಿದೆ. ಕಾರಣ ನೆಟ್‌ಪ್ಲಾನ್. ಉಬುಂಟುವಿನಲ್ಲಿ ನೆಟ್‌ವರ್ಕ್‌ಮ್ಯಾನೇಜರಿನ ಜೊತೆ ಬರುವ ಒಂದು ಸೆಟ್ಟಿಂಗ್ ಪ್ರಕಾರ, ವೈಫೈ ಮತ್ತು ಮೊಬೈಲ್ ಮೋಡೆಮ್ ಬಿಟ್ಟು ಬೇರಾವುದನ್ನೂ ಅದು ತಾನಾಗಿ ಮುಟ್ಟುವಂತಿಲ್ಲ. ಡೆಸ್ಕ್‌ಟಾಪಿನಲ್ಲಿ ಪ್ರತಿ ಸಲ ಬೂಟ್ ಆಗುವಾಗ ನೆಟ್‌ಪ್ಲಾನ್ ಬಂದು ಆ ನಿಷೇಧವನ್ನು ತೆಗೆಯುತ್ತದೆ. ನೆಟ್‌ಪ್ಲಾನೇ ಹೋಗಿದ್ದರಿಂದ ನಿಷೇಧ ಉಳಿದುಕೊಂಡಿತು. ಹಾರ್ಡ್‌ವೇರ್ ಅಂಗಡಿಯವರು ನೆಟ್ ಕಾರ್ಡೂ ಹೋಗಿರಬೇಕು ಎಂದಿದ್ದರು. ಪಾಪ, ಹೊರಗಿನಿಂದ ನೋಡಿದವರಿಗೆ ಹಾಗೇ ಕಾಣಬೇಕು.

ಸದ್ಯಕ್ಕೆ ಯಾರ ಮಧ್ಯಸ್ಥಿಕೆಯೂ ಇಲ್ಲದೆ ಐಪಿ ವಿಳಾಸ ಕೇಳಿದರಾಯಿತು. ಐಪಿ ಲಿಂಕ್ ಕೊಟ್ಟು ಕಾರ್ಡಿನ ಹೆಸರು ನೋಡಿ, ಸುಡೋ ಡಿಎಚ್‌ಕ್ಲೈಂಟ್ ಎಂದು ಆ ಹೆಸರು ಕೊಟ್ಟೆವು. ಕೆಲವೇ ಕ್ಷಣದಲ್ಲಿ ವಿಳಾಸ ಸಿಕ್ಕಿತು, ಪಿಂಗ್ ಹೋಯಿತು. ಅನಂತರ ಆಪ್ಟ್ ಅಪ್‌ಡೇಟ್.

ಇಲ್ಲಿ ಒಂದು ಮಾತು. ಆ ದಿನ ರಿಮೂವ್ ಮುಗಿದಾಗ, ಇನ್ನು ಬೇಡವಾದ ಪ್ಯಾಕೇಜುಗಳಿವೆ, ಆಟೋರಿಮೂವ್ ಕೊಟ್ಟು ತೆಗೆಯಬಹುದು ಎಂದು ಆಪ್ಟ್ ಸೂಚಿಸಿತ್ತು. ಹುಡುಗ ಅದನ್ನು ಕೊಡಲಿಲ್ಲ. ಕೊಟ್ಟಿದ್ದರೆ ಇನ್ನಷ್ಟು ಹೋಗುತ್ತಿತ್ತು, ಕೈಗೆ ಸಿಕ್ಕ ಉಪಕರಣಗಳು ಕಡಿಮೆಯಾಗುತ್ತಿದ್ದವು. ಏನೋ ಎಡವಟ್ಟಾಗಿದೆ ಎಂದು ಅನುಮಾನ ಬಂದ ಯಂತ್ರದಲ್ಲಿ ಆಟೋರಿಮೂವ್ ಮುಟ್ಟಲೇಬಾರದು.

ಹಿಸ್ಟರಿ ಲಾಗ್

/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ಎಂಬ ಒಂದು ಫೈಲಿದೆ. ಆಪ್ಟ್ ಮಾಡಿದ ಪ್ರತಿ ಕೆಲಸವೂ ಅದರಲ್ಲಿ ದಾಖಲಾಗುತ್ತದೆ. ತಿಂಗಳಿಗೊಮ್ಮೆ ಹಳೆಯದನ್ನು ಕಟ್ಟಿ ಜಿಪ್ ಮಾಡಿಡುತ್ತದೆ, ಸಾಮಾನ್ಯವಾಗಿ 12 ತಿಂಗಳಿನಷ್ಟು ಸಿಗುತ್ತದೆ. ಜಿಪ್ ಆದದ್ದನ್ನು ಜೆಡ್‌ಲೆಸ್ ಎಂಬ ಆಜ್ಞೆಯಿಂದ ಬಿಚ್ಚದೆಯೇ ಓದಬಹುದು. ಆ ಸಂಜೆಯ ದಾಖಲೆ ಕೊನೆಯಲ್ಲೇ ಇತ್ತು. ಶುರುವಾದ ದಿನಾಂಕ ಮತ್ತು ಸಮಯ ಒಂದು ಸಾಲು. ಕಮಾಂಡ್‌ಲೈನ್ ಎಂಬ ತಲೆಬರಹದ ಮುಂದೆ, ಹುಡುಗ ಹೊಡೆದ ಸಾಲು ಅಕ್ಷರಶಃ, ಆ -ವೈ ಸಮೇತ. ಯಾವ ಯೂಸರ್ ಕೇಳಿದ್ದು ಎಂಬುದು ಮತ್ತೊಂದು ಸಾಲು. ಅನಂತರ ರಿಮೂವ್ ಎಂದು ಶುರುವಾಗಿ ಪರದೆ ತುಂಬಿ ಕೆಳಗಿಳಿದ ಒಂದೇ ಒಂದು ಉದ್ದನೆಯ ಸಾಲು: ಪ್ಯಾಕೇಜಿನ ಹೆಸರು, ಕೋಲನ್, ಎಎಂಡಿ64, ಆವರಣದೊಳಗೆ ಅದರ ಆವೃತ್ತಿ, ಅಲ್ಪವಿರಾಮ, ಮುಂದಿನ ಹೆಸರು.

ಹುಡುಗ ಅದನ್ನು ಬೆರಳಿಟ್ಟು ಓದತೊಡಗಿದ. ಐಬಸ್ ಬಂದಾಗ ನಿಂತ. "ಇದು ಮಾವನ ಕೀಬೋರ್ಡು ಅಲ್ವಾ ಅಣ್ಣ?" ಹೌದು ಎಂದೆ.

ಎರಡು ದಾರಿಗಳಿದ್ದವು. ಉಬುಂಟು-ಡೆಸ್ಕ್‌ಟಾಪ್ ಇನ್‌ಸ್ಟಾಲ್ ಮಾಡು ಎಂದರೆ ಡೆಸ್ಕ್‌ಟಾಪ್, ಲಾಗಿನ್ ಪರದೆ, ಟರ್ಮಿನಲ್ ಎಲ್ಲ ಒಟ್ಟಿಗೆ ಬಂದುಬಿಡುತ್ತವೆ. ಸಾಮಾನ್ಯವಾಗಿ ಎಲ್ಲರೂ ಕೊಡುವ ಸಲಹೆಯೂ ಅದೇ. ಆದರೆ ಅದು ತರುವುದು ಉಬುಂಟು ಮೊದಲ ದಿನ ಕೊಟ್ಟ ಯಂತ್ರವನ್ನು. ಯಜಮಾನರು ವರ್ಷಗಳಿಂದ ಒಂದೊಂದಾಗಿ ಸೇರಿಸಿಕೊಂಡ ಐಬಸ್-ಎಂ17ಎನ್ ಥರದವು ಅದರಲ್ಲಿ ಬರುವುದಿಲ್ಲ. ಡೆಸ್ಕ್‌ಟಾಪ್ ಬಂದು ಕನ್ನಡ ಬರದಿದ್ದರೆ ಈ ಅಂಗಡಿಗೆ ಏನು ಪ್ರಯೋಜನ? ಹಾಗಾಗಿ ಲಾಗಿನಲ್ಲಿರುವ ಪಟ್ಟಿಯನ್ನೇ ವಾಪಸ್ ಕೊಡುವ ದಾರಿ ಹಿಡಿದೆವು.

ಗ್ರೆಪ್‌ನಿಂದ ರಿಮೂವ್ ಎಂದು ಆರಂಭವಾಗುವ ಸಾಲುಗಳನ್ನು ಹೆಕ್ಕಿ, ಟೈಲ್‌ನಿಂದ ಕೊನೆಯದನ್ನು ಮಾತ್ರ ಇಟ್ಟುಕೊಂಡು, ಸೆಡ್‌ನಿಂದ ಮೊದಲ ಪದ, ಆವರಣದೊಳಗಿನ ಆವೃತ್ತಿಗಳು, ಅಲ್ಪವಿರಾಮಗಳನ್ನು ತೆಗೆದರೆ ಬರೀ ಹೆಸರುಗಳು ಉಳಿಯುತ್ತವೆ. ಹೆಸರಿನ ಬಾಲದಲ್ಲಿರುವ ಎಎಂಡಿ64 ಇದ್ದರೆ ಇರಲಿ, ಆಪ್ಟ್‌ಗೆ ಅದು ಅರ್ಥವಾಗುತ್ತದೆ. ಅದನ್ನು ಪಟ್ಟಿ ಎಂಬ ಫೈಲಿಗೆ ಬರೆದುಕೊಂಡೆವು. ಆವೃತ್ತಿಯನ್ನು ತೆಗೆದದ್ದು ಬೇಕೆಂದೇ. ನಡುವೆ ಅಪ್‌ಡೇಟ್ ಬಂದಿದ್ದರೆ ಹಳೆಯ ಆವೃತ್ತಿ ರೆಪೊಸಿಟರಿಯಲ್ಲಿ ಸಿಗದಿರಬಹುದು, ಈಗಿರುವುದೇ ಬರಲಿ.

ಮೊದಲು ನಟನೆ. ಆಪ್ಟ್-ಗೆಟ್ ಆಜ್ಞೆಗೆ -ಎಸ್ ಸೇರಿಸಿದರೆ ಏನೇನು ಮಾಡುತ್ತೇನೆಂದು ಹೇಳುತ್ತದೆಯೇ ಹೊರತು ಏನನ್ನೂ ಮಾಡುವುದಿಲ್ಲ. ಕೊಟ್ಟ ತಕ್ಷಣ ನಿಂತಿತು: ಪಟ್ಟಿಯಲ್ಲಿದ್ದ ಒಂದು ಹೆಸರು ಸಿಗುತ್ತಿಲ್ಲ ಎಂದು. ಆಪ್ಟ್ ಈ ವಿಷಯದಲ್ಲಿ ಕಟ್ಟುನಿಟ್ಟು, ನೂರರಲ್ಲಿ ಒಂದು ಹೆಸರು ಸಿಗದಿದ್ದರೂ ಮಿಕ್ಕದ್ದನ್ನು ಮುಟ್ಟುವುದಿಲ್ಲ. ಯಜಮಾನರು ಹಿಂದೊಮ್ಮೆ ಸ್ಕ್ಯಾನರಿಗೆಂದು ಡೆಬ್ ಫೈಲ್ ಇಳಿಸಿ ನೇರವಾಗಿ ಹಾಕಿಕೊಂಡಿದ್ದ ಪ್ಯಾಕೇಜ್ ಅದು. ಯಾವ ರೆಪೊಸಿಟರಿಯಲ್ಲೂ ಇಲ್ಲದ್ದು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆ ಫೈಲ್ ಇನ್ನೂ ಇತ್ತು. ಪಟ್ಟಿಯಿಂದ ಆ ಹೆಸರು ತೆಗೆದು ಕೊನೆಗೆ ಬೇರೆಯಾಗಿ ಹಾಕುವುದೆಂದು ಬಿಟ್ಟೆವು. ಮತ್ತೆ ನಟನೆ ಮಾಡಿಸಿದರೆ, ಬರುವವುಗಳ ಉದ್ದನೆಯ ಸಾಲು ಬಂತು, ತೆಗೆಯಬೇಕಾದವು ಸೊನ್ನೆ. ನನಗೆ ಬೇಕಿದ್ದುದು ಆ ಸೊನ್ನೆ.

ನಿಜವಾದ ಇನ್‌ಸ್ಟಾಲ್‌ಗೆ ಎಕ್ಸ್‌ಆರ್ಗ್ಸ್ ಎಂಬ, ಹೆಸರುಗಳ ಪಟ್ಟಿಯನ್ನು ಇನ್ನೊಂದು ಆಜ್ಞೆಗೆ ದಾಟಿಸುವ ಸಾಧನ ಬಳಸಿದೆವು, -ಎ ಕೊಟ್ಟು ಪಟ್ಟಿಯ ಫೈಲನ್ನು ಸೂಚಿಸಿ. ಪೈಪ್ ಮೂಲಕ (ಒಂದು ಆಜ್ಞೆಯ ಫಲವನ್ನು ನೇರ ಇನ್ನೊಂದಕ್ಕೆ ಹರಿಸಿ) ಪಟ್ಟಿ ಕೊಟ್ಟರೆ ಆಪ್ಟ್ ಕೇಳುವ ಪ್ರಶ್ನೆಗೆ ಉತ್ತರಿಸಲು ಕೀಬೋರ್ಡ್ ಸಿಗುವುದಿಲ್ಲ, ಅದು ನಿಲ್ಲಿಸಿಬಿಡುತ್ತದೆ. ಆಗ ಜನ -ವೈ ಸೇರಿಸುತ್ತಾರೆ. -ಎ ಕೊಟ್ಟರೆ ಆ ತೊಂದರೆಯಿಲ್ಲ. ಪ್ರಶ್ನೆ ಬಂತು, ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದ ಮೇಲೆ ಹುಡುಗನೇ ವೈ ಒತ್ತಿದ.

ಅರ್ಧದಲ್ಲಿ ಕರೆಂಟ್

ಇಳಿಸಿದ್ದು ಮುಗಿದು ಬಿಚ್ಚುತ್ತಿರುವಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಎಂದೋ ಸತ್ತಿತ್ತು. ಯಜಮಾನರು ತಲೆಮೇಲೆ ಕೈಯಿಟ್ಟುಕೊಂಡರು.

ಡಿಪಿಕೆಜಿ ಇಂಥದ್ದಕ್ಕೆ ತಯಾರಾಗಿಯೇ ಇರುತ್ತದೆ. ಪ್ರತಿ ಪ್ಯಾಕೇಜಿನ ಸ್ಥಿತಿಯನ್ನೂ, ಬಿಚ್ಚಿದೆ, ಅರ್ಧ ಸಿದ್ಧವಾಗಿದೆ, ಪೂರ್ತಿ ಮುಗಿದಿದೆ ಎಂದು ಹೆಜ್ಜೆಹೆಜ್ಜೆಗೂ ಡಿಸ್ಕಿಗೆ ಬರೆಯುತ್ತ ಹೋಗುತ್ತದೆ. ಕರೆಂಟ್ ಬಂದು ಯಂತ್ರ ಎದ್ದಮೇಲೆ, ನೆಟ್‌ಗಾಗಿ ಮತ್ತೆ ಡಿಎಚ್‌ಕ್ಲೈಂಟ್ ಕೊಟ್ಟೆವು. ಇನ್‌ಸ್ಟಾಲ್ ಮುಂದುವರಿಸಲು ಹೋದರೆ, ಡಿಪಿಕೆಜಿ ನಡುವೆ ನಿಂತಿದೆ, ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ ಕೊಡಿ ಎಂದು ಅದೇ ಹೇಳಿತು. ಕೊಟ್ಟೆವು. ಅದು ಅರ್ಧಕ್ಕೆ ನಿಂತವನ್ನು ಮುಗಿಸಿತು. ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್ ಕೊಟ್ಟು ಬಾಕಿ ಅವಲಂಬನೆಗಳನ್ನು ಸರಿಮಾಡಿಸಿ, ಮತ್ತೆ ಅದೇ ಪಟ್ಟಿ ಕೊಟ್ಟರೆ, ಆಗಲೇ ಬಂದವನ್ನು ಬಿಟ್ಟು ಮಿಕ್ಕದ್ದನ್ನು ಹಾಕಿತು.

ರೀಸ್ಟಾರ್ಟ್ ಮಾಡಿದರೆ ಲಾಗಿನ್ ಪರದೆ ಬಂತು. ನೆಟ್ ತಾನಾಗಿ ಬಂತು, ಯಾಕೆಂದರೆ ನೆಟ್‌ಪ್ಲಾನ್ ಓದುವ ಸೆಟ್ಟಿಂಗ್ ಫೈಲ್ ಇಟಿಸಿ ಫೋಲ್ಡರಿನಲ್ಲಿ ಇದ್ದಲ್ಲೇ ಇತ್ತು. ಪ್ರಿಂಟರ್ ಪಟ್ಟಿಯಲ್ಲಿತ್ತು. ಯಜಮಾನರು ಕೂತು ಕೀಲಿಮಣೆಯ ಭಾಷೆ ಬದಲಿಸುವ ಗುಂಡಿ ಒತ್ತಿದರು. ಕಗಪ ಅಲ್ಲೇ ಇತ್ತು, ಹೊಸದಾಗಿ ಸೇರಿಸುವ ಕೆಲಸವೇ ಬೀಳಲಿಲ್ಲ. ಯಾವ ಕೀಲಿಮಣೆ ಬೇಕೆಂಬ ಆಯ್ಕೆ ಇರುವುದು ಬಳಕೆದಾರರ ಹೋಮ್ ಫೋಲ್ಡರಿನಲ್ಲಿ, ಪ್ಯಾಕೇಜ್ ತೆಗೆದರೆ ಅದಕ್ಕೆ ಏನೂ ಆಗುವುದಿಲ್ಲ.

ರಿಮೂವ್ ಮತ್ತು ಪರ್ಜ್ ಎರಡರ ವ್ಯತ್ಯಾಸ ಇಲ್ಲಿ ಲೆಕ್ಕಕ್ಕೆ ಬಂತು. ರಿಮೂವ್ ಪ್ಯಾಕೇಜಿನ ಪ್ರೋಗ್ರಾಮುಗಳನ್ನು ತೆಗೆಯುತ್ತದೆ, ಇಟಿಸಿಯಲ್ಲಿರುವ ಸೆಟ್ಟಿಂಗ್ ಫೈಲುಗಳನ್ನು ಬಿಡುತ್ತದೆ. ಹಾಗೆ ಬಿಟ್ಟುಹೋದವು ಡಿಪಿಕೆಜಿ -ಎಲ್ ಪಟ್ಟಿಯಲ್ಲಿ ಆರ್‌ಸಿ ಎಂಬ ಗುರುತಿನಿಂದ ಕಾಣುತ್ತವೆ. ಪರ್ಜ್ ಆ ಸೆಟ್ಟಿಂಗುಗಳನ್ನೂ ತೆಗೆಯುತ್ತದೆ. ವಿಡಿಯೋ ರಿಮೂವ್ ಬದಲು ಪರ್ಜ್ ಎಂದಿದ್ದರೆ ಫೈರ್‌ವಾಲ್ ನಿಯಮ, ಲಾಗಿನ್ ಪರದೆಯ ಸೆಟ್ಟಿಂಗ್ ಥರದವನ್ನು ಮತ್ತೆ ಬರೆಯಬೇಕಾಗುತ್ತಿತ್ತು.

ಉಳಿದ ಒಂದು ಕೆಲಸ

ಡೆಸ್ಕ್‌ಟಾಪ್ ಬಂದಮೇಲೆ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಒಂದು ಬಾಕಿ ಇದೆ. ಆಪ್ಟ್ ಪ್ರತಿ ಪ್ಯಾಕೇಜನ್ನೂ ಎರಡರಲ್ಲಿ ಒಂದಾಗಿ ಗುರುತಿಸುತ್ತದೆ: ಮನುಷ್ಯರು ಕೇಳಿ ಹಾಕಿಸಿಕೊಂಡದ್ದು, ಇನ್ನೊಂದಕ್ಕೆ ಬೇಕೆಂದು ತಾನಾಗಿ ಬಂದದ್ದು. ನಾವು ಇಡೀ ಪಟ್ಟಿಯನ್ನು ಹೆಸರು ಹಿಡಿದು ಕೇಳಿದ್ದರಿಂದ ಎಲ್ಲವೂ ಮೊದಲ ಗುಂಪಿಗೆ ಸೇರಿದವು. ಇವತ್ತಿಗೆ ಅದರಿಂದ ತೊಂದರೆಯಿಲ್ಲ, ಮುಂದೆ ಬೇಡವಾದ ಲೈಬ್ರರಿಗಳು ಯಾವತ್ತೂ ತಾನಾಗಿ ಹೋಗದೆ ಕೂತಿರುತ್ತವೆ. /ವಾರ್/ಬ್ಯಾಕಪ್ಸ್ ಫೋಲ್ಡರಿನಲ್ಲಿ ಈ ಗುರುತುಗಳ ಹಳೆಯ ಪ್ರತಿಗಳು ಸಿಗುತ್ತವೆ, ಎಕ್ಸ್‌ಟೆಂಡೆಡ್_ಸ್ಟೇಟ್ಸ್ ಎಂಬ ಹೆಸರಿನಲ್ಲಿ. ಹಾನಿಯಾಗುವ ಮುಂಚಿನ ದಿನಾಂಕದ್ದನ್ನು ತೆಗೆದು, ಅದರಲ್ಲಿ ತಾನಾಗಿ ಬಂದದ್ದೆಂದು ಇದ್ದ ಹೆಸರುಗಳನ್ನು ನಮ್ಮ ಪಟ್ಟಿಯ ಜೊತೆ ಹೊಂದಿಸಿ, ಆಪ್ಟ್-ಮಾರ್ಕ್ ಆಟೋ ಕೊಟ್ಟೆವು. ಕೊನೆಗೆ ಸ್ಕ್ಯಾನರಿನ ಡೆಬ್ ಫೈಲ್ ಹಾಕಿದೆವು.

ಇನ್ನು ಹುಡುಗನ ಪೈಥಾನ್. ಅವನ ಕಲಿಕೆ ನಿಲ್ಲಬಾರದು ಎಂಬುದು ನನ್ನ ಹಟವೇ ಆಗಿತ್ತು. ಯಜಮಾನರು ಮೊದಮೊದಲು, "ಬೇಡ ಬಿಡಿ ಸಾರ್, ಇವ್ನು ಇನ್ಮೇಲೆ ಇದನ್ನ ಮುಟ್ಟೋದೇ ಬೇಡ" ಎಂದರು. 3.10ನ್ನು ಮುಟ್ಟದೆ 3.12ನ್ನು ಪಕ್ಕದಲ್ಲಿ ಕೂರಿಸಬಹುದೆಂದು ತೋರಿಸಿದ ಮೇಲೆ ಒಪ್ಪಿದರು. ಡೆಡ್‌ಸ್ನೇಕ್ಸ್ ಎಂಬ ಪಿಪಿಎ (ಉಬುಂಟುವಿನ ಹೊರಗಿನವರು ನಡೆಸುವ ರೆಪೊಸಿಟರಿ) ಸೇರಿಸಿ, ಪೈಥಾನ್3.12 ಮತ್ತು ಪೈಥಾನ್3.12-ವೆನ್ವ್ ಹಾಕಿದೆವು. ಪೈಥಾನ್3 ಎಂದರೆ ಮೊದಲಿನಂತೆ 3.10 ಸಿಗುತ್ತದೆ, ಪೈಥಾನ್3.12 ಎಂದು ಪೂರ್ತಿ ಹೆಸರು ಹೇಳಿದರೆ ಹೊಸದು. ಪೈಥಾನ್3 ಎಂಬ ಕೊಂಡಿಯನ್ನು ಹೊಸದಕ್ಕೆ ತಿರುಗಿಸುವ ಸಲಹೆಯೂ ಓಡಾಡುತ್ತಿದೆ, ಅದನ್ನು ಮಾಡಿದರೆ ಟರ್ಮಿನಲ್ ತೆರೆಯದೆ ಹೋಗುತ್ತದೆ. ಮಾಡಬಾರದು.

ಅವನಿಗೆ ಬೇರೆ ಯೂಸರ್ ಖಾತೆ ಮಾಡಿ, ಅದಕ್ಕೆ ಸುಡೋ ಕೊಡಲಿಲ್ಲ. ಅದರ ಹೋಮ್ ಫೋಲ್ಡರಿನಲ್ಲಿ ಒಂದು ವೆನ್ವ್, ಅಂದರೆ ಪೈಥಾನ್ ಲೈಬ್ರರಿಗಳಿಗೆಂದೇ ಬೇರೆಯಾಗಿಟ್ಟ ಫೋಲ್ಡರ್. ಕೋರ್ಸಿಗೆ ಬೇಕಾದ ಲೈಬ್ರರಿಗಳನ್ನು ಪಿಪ್‌ನಿಂದ ಅದರೊಳಗೆ ಎಷ್ಟು ಬೇಕಾದರೂ ಹಾಕಲಿ, ತೆಗೆಯಲಿ, ಕೆಟ್ಟರೆ ಆ ಫೋಲ್ಡರ್ ಅಳಿಸಿ ಹೊಸದು ಮಾಡಿಕೊಳ್ಳಲಿ. ಅಂಗಡಿಯ ಕೆಲಸಕ್ಕೆ ಅದರ ಗಾಳಿಯೂ ಸೋಕುವುದಿಲ್ಲ.

ಕೋರ್ಸ್ ಮುಗಿದಮೇಲೆ 3.12 ತೆಗೆಯಬೇಕೆಂದು ಅವನೇ ಫೋನ್ ಮಾಡಿದ. ಮಾವನ ಖಾತೆಯಲ್ಲಿ, ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು -ಎಸ್ ಸೇರಿಸಿ ಕೊಟ್ಟಿದ್ದನಂತೆ. ಬಂದ ಪಟ್ಟಿಯನ್ನು ಫೋನಿನಲ್ಲಿ ಒಂದೊಂದಾಗಿ ಓದಿ ಹೇಳಿದ. ಎಲ್ಲ ಹೆಸರಿನಲ್ಲೂ 3.12 ಇತ್ತು, ಬೇರೆ ಯಾವುದೂ ಇರಲಿಲ್ಲ. ತೆಗಿ ಎಂದೆ.